ಹಾಳೆಯ ಮೇಲೆ ನಾನು ಬರೆದ ಮೂರು

ಜುಲೈ 7, ಸೋಮವಾರ

ಅನ್ನಪೂರ್ಣ ಇವತ್ತು ಸುಳ್ಳು ಹೇಳಿದಳು.

ಮಧ್ಯಾಹ್ನ ಎಲ್ಲಿಗೆ ಹೋಗಿದ್ದೆ ಎಂದು ಕೇಳಿದೆ. ಬಂಗಾರಮ್ಮನ ಮನೆಗೆ, ಬ್ಲೌಸ್ ಹೊಲಿಯುವುದನ್ನು ಕಲಿಯಲು ಎಂದಳು. ಬಂಗಾರಮ್ಮ ನಮ್ಮ ಬೀದಿಯ ಕೊನೆಯಲ್ಲಿ ಮಷಿನ್ ಇಟ್ಟುಕೊಂಡಿರುವ ಹೆಂಗಸು. ನಾನು ಹೌದಾ ಎಂದೆ. ಅವಳು ಅನ್ನಕ್ಕೆ ಸಾರು ಬಡಿಸಿದಳು.

ನಿಜ ಸಂಗತಿ ನನಗೆ ಅಷ್ಟರಲ್ಲಾಗಲೇ ಗೊತ್ತಿತ್ತು. ಸಂಜೆ ಚನ್ನಗಿರಿ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಬಸ್ಸಿನ ಕಂಡಕ್ಟರ್ ಓಬಳೇಶ್ ಸಿಕ್ಕಿ, ಅತ್ತಿಗೆಯವರನ್ನು ನ್ಯಾಮತಿಯಲ್ಲಿ ನೋಡಿದೆ ಎಂದಿದ್ದ. ಗೌರ್ಮೆಂಟ್ ಬಸ್ಸಿನಿಂದ ಇಳಿದಳಂತೆ. ಇವನು ಕೈ ಎತ್ತಿದರೂ ನೋಡದವಳ ಹಾಗೆ ಹೋದಳಂತೆ.

ಖಾಸಗಿ ಬಸ್ಸಿನಲ್ಲಿ ಚೆಕಿಂಗ್ ಮಾಡುವುದು ನನ್ನ ಕೆಲಸ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ದಾರಿಯಲ್ಲಿ ಯಾವ ಊರಿನ ಹತ್ತಿರವಾದರೂ ಬಸ್ಸಿಗೆ ಕೈ ಅಡ್ಡ ಹಿಡಿದು ಹತ್ತಿ, ಟಿಕೆಟ್ ಇಲ್ಲದವರನ್ನು ಹಿಡಿಯುತ್ತೇನೆ. ಟಿಕೆಟ್ ಇಲ್ಲದವನು ಕಿಟಕಿಯಾಚೆ ನೋಡುವುದೇ ಬೇರೆ ಥರ. ಅದನ್ನು ನನಗೆ ಯಾರೂ ಕಲಿಸಬೇಕಿಲ್ಲ.

ಓನರ್ ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು, ಇಷ್ಟು ದಿನ ಖಾಲಿ ಬಿದ್ದಿತ್ತು. ಇನ್ನು ಬರೆದಿಡುತ್ತೇನೆ. ಹೆಂಡತಿಯ ಇಂಥ ಸಂಗತಿಯನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ಜುಲೈ 10, ಗುರುವಾರ

ಅವಳು ಸ್ನಾನಕ್ಕೆ ಹೋದಾಗ ಫೋನು ಗುಂಯ್ ಎಂದಿತು. ಪರದೆಯ ಮೇಲೆ ಮೆಸೇಜು: "ನಾಳೆ ಬ್ಯಾಡ, ಸೋಮವಾರ ಎರಡಕ್ಕೆ ಬಾ. ಸಾಲು ಸರಿ ಮಾಡ್ಕಂಡು ಬಾ."

ಕಳಿಸಿದವರ ಹೆಸರಿನ ಜಾಗದಲ್ಲಿ ಒಂದೇ ಅಕ್ಷರ. ಮ.

ಮ ಎಂದರೆ ಯಾರು? ಹೆಸರನ್ನು ಪೂರ್ತಿ ಬರೆಯಲು ಏನು ಅಡ್ಡಿ? ನೀರು ಹುಯ್ದುಕೊಳ್ಳುವ ಸದ್ದು ನಿಲ್ಲುವವರೆಗೆ ಅಡುಗೆಮನೆ ಹುಡುಕಿದೆ. ರಾಗಿ ಹಿಟ್ಟಿನ ಡಬ್ಬಿಯ ಹಿಂದೆ ಮಡಿಚಿದ ಹಾಳೆ ಸಿಕ್ಕಿತು. ಅದರಲ್ಲಿ ಅಂಕಿಗಳು. ಮೂರು ಸಾಲು, ಸಾಲಿಗೆ ಮೂರು. ಕೆಲವನ್ನು ಹೊಡೆದು ಹಾಕಿ ಪಕ್ಕಕ್ಕೆ ಸರಿಸಿ ಬರೆದಿದ್ದಳು. ಫೋನ್ ನಂಬರ್ ಅಲ್ಲ. ತಾರೀಖಂತೂ ಅಲ್ಲವೇ ಅಲ್ಲ. ಕೆಳಗೆ ಇಂಗ್ಲಿಷಿನಲ್ಲಿ ಏನೇನೋ ಗೀಚು, ಬ್ರಾಕೆಟ್ಟು, ಅರ್ಧವಿರಾಮ. ಫೋಟೋ ಹೊಡೆದುಕೊಂಡು ಇದ್ದಲ್ಲೇ ಇಟ್ಟೆ.

ಮಗಳು ಚೌಡೇಶ್ವರಿ ಹಾಸ್ಟೆಲಿನಲ್ಲಿ ಓದುತ್ತಿದ್ದಾಳೆ. ಅವಳು ಮನೆಯಲ್ಲಿದ್ದಿದ್ದರೆ ಇದು ಯಾವುದೂ ನಡೆಯುತ್ತಿರಲಿಲ್ಲ.

ಜುಲೈ 14, ಸೋಮವಾರ

ನ್ಯಾಮತಿಗೆ ಹೋದೆ. ಅವಳ ಬಸ್ಸಿನ ಬೆನ್ನಿಗೇ ಹೊರಟ ಬಸ್ಸಿನಲ್ಲಿ.

ಅವಳು ತಲೆ ತಗ್ಗಿಸಿಕೊಂಡು ಬೇಗ ಬೇಗ ನಡೆದಳು. ಮೆಡಿಕಲ್ ಶಾಪಿನ ಪಕ್ಕದ ಮೆಟ್ಟಿಲು ಹತ್ತಿದಳು. ಮೇಲೆ ಒಂದು ಕಂಪ್ಯೂಟರ್ ಸೆಂಟರ್. ನಾನು ಎದುರಿನ ಹೋಟೆಲಿನಲ್ಲಿ ಕೂತು ಚಹಾದ ಮೇಲೆ ಚಹಾ ಕುಡಿದೆ. ಕಿಟಕಿಯಲ್ಲಿ ಅವಳ ಬೆನ್ನು ಕಾಣುತ್ತಿತ್ತು. ಒಂದು ಸಲ ಅವಳ ಪಕ್ಕದಿಂದ ಬಿಳಿ ಬಟ್ಟೆಯ ತೋಳೊಂದು ಚಾಚಿ ಪರದೆಯ ಮೇಲೆ ಏನೋ ತೋರಿಸಿತು. ತೋಳಿನವರ ಮುಖ ಕಾಣಲಿಲ್ಲ. ಅನ್ನಪೂರ್ಣ ನಗುತ್ತಿದ್ದಳು. ಬೆನ್ನು ನೋಡಿದರೂ ಗೊತ್ತಾಗುತ್ತದೆ ನಗುವುದು.

ರಾತ್ರಿ ಊಟಕ್ಕೆ ಕೂತಾಗ ಬ್ಲೌಸ್ ಎಲ್ಲಿಗೆ ಬಂತು ಎಂದೆ. ತೋಳು ಕೂರಿಸುವುದು ಕಷ್ಟ ಎಂದಳು.

ಜುಲೈ 16, ಬುಧವಾರ

ಹಾಳೆಯ ಫೋಟೋವನ್ನು ಜೆರಾಕ್ಸ್ ಅಂಗಡಿಯ ಹನುಮಣ್ಣನಿಗೆ ತೋರಿಸಿದೆ. ಬಸ್ಸಿನಲ್ಲಿ ಬಿದ್ದಿತ್ತು ಎಂದೆ. ಅವನು ಕನ್ನಡಕ ಏರಿಸಿ ನೋಡಿ, ಇದು ಸಿ ಅಂತ ಕಂಪ್ಯೂಟರ್ ಭಾಷೆ, ಅಂಕಿಗಳನ್ನು ಅಡ್ಡಸಾಲು ಉದ್ದಸಾಲು ಮಾಡಿ ಪರದೆಯ ಮೇಲೆ ತೋರಿಸು ಅಂತ ಬರೆದಿದ್ದಾರೆ, ಮ್ಯಾಟ್ರಿಕ್ಸ್ ಅಂತಾರೆ ಎಂದ. ಅಷ್ಟೇನಾ ಎಂದು ಕೇಳಿದೆ. ಅಷ್ಟೇ ಎಂದ.

ಅಷ್ಟೇ ಆಗಿದ್ದರೆ ಹಿಟ್ಟಿನ ಡಬ್ಬಿಯ ಹಿಂದೆ ಯಾಕೆ ಇರುತ್ತದೆ?

ಅವಳು ಮದುವೆಗೆ ಮುಂಚೆ ಬಿಸಿಎ ಓದುತ್ತಿದ್ದಳು, ನಿಜ. ಅದು ಮುಗಿಯಲಿಲ್ಲ. ಈಗ ಈ ವಯಸ್ಸಿನಲ್ಲಿ, ಕದ್ದು, ಇನ್ನೊಂದು ಊರಿನಲ್ಲಿ ಇದನ್ನು ಕಲಿಯುವುದು ಎಂದರೆ ಒಂದೇ ಅರ್ಥ. ಎಲ್ಲೋ ಕೆಲಸ ಹುಡುಕುತ್ತಿದ್ದಾಳೆ. ಕೆಲಸ ಸಿಕ್ಕ ಮೇಲೆ ಮನೆ ಬಿಟ್ಟು ಹೋಗುತ್ತಾಳೆ. ಮ ಎನ್ನುವವನು ಅದಕ್ಕೆ ದಾರಿ ಮಾಡಿಕೊಡುತ್ತಿದ್ದಾನೆ.

ಸಾಸ್ವೆಹಳ್ಳಿ ಹತ್ತಿರ ಒಬ್ಬ ಮುದುಕನನ್ನು ಟಿಕೆಟ್ ಇಲ್ಲವೆಂದು ಇಳಿಸಿದೆ. ಆಮೇಲೆ ಓಬಳೇಶ್ ಹೇಳಿದ, ಟಿಕೆಟ್ ಅವನ ಟೋಪಿಯೊಳಗೆ ಇತ್ತಂತೆ.

ಜುಲೈ 18, ಶುಕ್ರವಾರ

ಅವಳು ಏನು ಬರೆಯುತ್ತಾಳೆ ಎಂದು ತಿಳಿಯದೆ ಹಿಡಿಯುವುದು ಹೇಗೆ? ಫೋನಿನಲ್ಲಿ ಸಿ ಬರೆದು ಓಡಿಸುವ ಆ್ಯಪ್ ಇದೆ. ಹಾಕಿಕೊಂಡೆ. ಹೊನ್ನಾಳಿಯಲ್ಲಿ ಬಸ್ಸಿಗೆ ಕಾಯುತ್ತಾ ಅವಳ ಹಾಳೆಯನ್ನು ನೋಡಿಕೊಂಡು ಅಕ್ಷರ ಅಕ್ಷರ ಕುಟ್ಟಿದೆ. ಓಡಲಿಲ್ಲ. ಕೆಂಪು ಅಕ್ಷರದಲ್ಲಿ ಬೈಗುಳ ಬಂತು. ಒಂದು ಅರ್ಧವಿರಾಮ ಬಿಟ್ಟಿದ್ದೆ.

ಹಾಕಿದ ಮೇಲೆ ಓಡಿತು. ಆದರೆ ಅಂಕಿಗಳು ಅಡ್ಡಸಾಲಾಗಿ ಬರದೆ ಒಂದರ ಕೆಳಗೊಂದು ಉದ್ದಕ್ಕೆ ಇಳಿದವು, ರೇಷನ್ ಸೊಸೈಟಿ ಮುಂದೆ ನಿಂತವರ ಹಾಗೆ.

ಜುಲೈ 21, ಸೋಮವಾರ

ಹೊಸ ಸಾಲಿಗೆ ಹೋಗು ಎನ್ನುವ ಮಾತನ್ನು ನಾನು ತಪ್ಪು ಜಾಗದಲ್ಲಿ ಕುಟ್ಟಿದ್ದೆ. ಪ್ರತಿ ಅಂಕಿ ಆದ ಮೇಲೂ ಅದು ಹೊಸ ಸಾಲಿಗೆ ಇಳಿಯುತ್ತಿತ್ತು. ಒಂದು ಸಾಲು ಪೂರ್ತಿ ಆದ ಮೇಲೆ ಮಾತ್ರ ಇಳಿಯಬೇಕು. ಅವಳ ಹಾಳೆಯಲ್ಲಿ ಸರಿಯಾಗಿಯೇ ಇದೆ. ಬ್ರಾಕೆಟ್ಟು ಎಲ್ಲಿ ಮುಚ್ಚುತ್ತದೆ ಎಂದು ನಾನು ಗಮನಿಸಿರಲಿಲ್ಲ.

ಸರಿ ಮಾಡಿದೆ. ಮೂರು ಸಾಲು ಬಂತು. ಆದರೆ ಸೊಟ್ಟ. ಒಂದಂಕಿಯ 7 ಇದ್ದ ಕಡೆ ಮುಂದಿನದು ಎಡಕ್ಕೆ ಜರುಗುತ್ತದೆ, ಎರಡಂಕಿಯ 12 ಇದ್ದ ಕಡೆ ಬಲಕ್ಕೆ. ಮೇಲಿನ ಅಂಕಿಗೂ ಕೆಳಗಿನದಕ್ಕೂ ತಾಳೆ ಇಲ್ಲ. ನೋಡಿದರೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ಮೆಸೇಜಿನಲ್ಲಿ ಸಾಲು ಸರಿ ಮಾಡಿಕೊಂಡು ಬಾ ಎಂದದ್ದು ಇದಕ್ಕೇ ಇರಬೇಕು.

ಇದನ್ನೇ ನೋಡುತ್ತಾ ಕೂತು ನಲ್ಲೂರಿನ ಟ್ರಿಪ್ಪಿಗೆ ಹತ್ತುವುದು ತಪ್ಪಿತು. ಓನರ್ ಫೋನು ಮಾಡಿ ಬೈದರು. ಇದೆಲ್ಲ ಅನ್ನಪೂರ್ಣಳಿಂದ.

ಜುಲೈ 22, ಮಂಗಳವಾರ

ಸಿಕ್ಕಿತು. %d ಎಂದು ಬರೆದರೆ ಅಂಕಿ ತನಗೆ ಬೇಕಾದಷ್ಟೇ ಜಾಗ ತೆಗೆದುಕೊಳ್ಳುತ್ತದೆ. ನಡುವೆ ಮೂರು ಹಾಕಿ %3d ಎಂದರೆ ಪ್ರತಿ ಅಂಕಿಗೂ ಮೂರು ಮನೆ ಜಾಗ. ಚಿಕ್ಕ ಅಂಕಿ ಬಂದರೆ ಎಡಗಡೆ ಖಾಲಿ ಬಿಟ್ಟು ಬಲಕ್ಕೆ ಒತ್ತಿ ನಿಲ್ಲುತ್ತದೆ. 12, 7, 90, 4 ಎಲ್ಲವನ್ನೂ ಹಾಕಿ ನೋಡಿದೆ. ನೂಲು ಹಿಡಿದ ಹಾಗೆ ನಿಂತವು.

ಚಹಾದಂಗಡಿಯಲ್ಲಿ ನಾನೊಬ್ಬನೇ ನಕ್ಕೆನಂತೆ. ಓಬಳೇಶ್ ಏನ್ಸಾರ್ ಎಂದ. ಏನಿಲ್ಲ ಎಂದೆ.

ಜುಲೈ 23, ಬುಧವಾರ

ಡಬ್ಬಿಯ ಹಿಂದೆ ಇವತ್ತು ಹೊಸ ಹಾಳೆ. ಅದೇ ಪ್ರೋಗ್ರಾಂ, ಅಚ್ಚುಕಟ್ಟಾಗಿ ಪೆನ್ಸಿಲ್ಲಿನಲ್ಲಿ ಬರೆದಿದ್ದಾಳೆ. ಆದರೆ ಆ % ಗುರುತಿಗೂ d ಅಕ್ಷರಕ್ಕೂ ನಡುವೆ ಜಾಗ ಖಾಲಿ. ಗೊತ್ತಾಗದೆ ಬಿಟ್ಟಿದ್ದಾಳೆ. ಇಷ್ಟು ದಿನ ಅಲ್ಲಿಗೆ ಹೋಗಿ ಇವಳು ಕಲಿತದ್ದೇನು?

ಪೆನ್ಸಿಲ್ ತೆಗೆದುಕೊಂಡು ಆ ಜಾಗದಲ್ಲಿ ಮೂರು ಎಂದು ಬರೆದೆ. ಯಾಕೆ ಬರೆದೆ ಎಂದು ಗೊತ್ತಿಲ್ಲ. ಖಾಲಿ ಜಾಗ ನೋಡಿ ಸುಮ್ಮನಿರಲಾಗಲಿಲ್ಲ. ತಾನೇ ಬರೆದದ್ದು ಎಂದುಕೊಳ್ಳುತ್ತಾಳೆ, ಬಿಡು.

ಜುಲೈ 26, ಶನಿವಾರ

ಅವಳಿಗೆ ಗೊತ್ತಾಗಿಬಿಟ್ಟಿದೆ.

ಮಧ್ಯಾಹ್ನ ಊಟಕ್ಕೆ ಬಂದೆ. ರೊಟ್ಟಿ, ಪಲ್ಯ ಬಡಿಸಿ ತಟ್ಟೆಯ ಪಕ್ಕದಲ್ಲಿ ಹಾಳೆಯನ್ನು ಬಿಚ್ಚಿಟ್ಟಳು. ಎದುರಿಗೆ ಕೂತಳು. ಸಿಟ್ಟಿನ ಮುಖ ಆಗಿದ್ದರೆ ನಾನೂ ಸಿಟ್ಟು ಮಾಡಬಹುದಿತ್ತು.

"ಈ ಮೂರು ಯಾರು ಬರ್ದಿದ್ದು?" ಎಂದಳು.

"ನೀನೇ ಬರ್ದಿರ್ತೀಯ."

"ನಾನು ಜಾಗ ಬಿಟ್ಟಿದ್ದೆ ರೀ. ಎಷ್ಟು ದೊಡ್ಡ ಅಂಕಿ ಕೊಡ್ತಾರೆ ನೋಡ್ಕಂಡು ಆಮ್ಯಾಲೆ ತುಂಬ್ಬೇಕು ಅಂತ. ನಿಮ್ಮ ಮೂರು ಎಲ್ಲಿದ್ರೂ ನಂಗೆ ಗೊತ್ತಾಗ್ತೈತೆ. ಕೆಳಗೆ ಬಾಲ ಎಳಿತೀರಿ."

ನಾನು ರೊಟ್ಟಿ ಮುರಿಯುತ್ತಾ ಇದ್ದೆ. ಅವಳು ನಿನ್ನೆ ನಡೆದದ್ದನ್ನು ಹೇಳಿದಳು. ಸೆಂಟರಿನಲ್ಲಿ ಪರೀಕ್ಷೆಯ ಥರವೇ ಕೂರಿಸಿ ಟೆಸ್ಟ್ ಕೊಟ್ಟಿದ್ದಾರೆ. ಇವಳು ಜೊತೆಗೆ ಒಯ್ದಿದ್ದ ಹಾಳೆಯಲ್ಲಿದ್ದದ್ದನ್ನು ಗಾಬರಿಯಲ್ಲಿ ಹಾಗೆಯೇ ಕುಟ್ಟಿದ್ದಾಳೆ. ಕೊಟ್ಟ ಅಂಕಿಗಳಲ್ಲಿ 7, ಅದರ ಪಕ್ಕದಲ್ಲಿ 105. ಮೂರು ಮನೆಯಲ್ಲಿ 105 ಒಂದೂ ಖಾಲಿ ಬಿಡದೆ ತುಂಬಿಕೊಂಡು, ಹಿಂದಿನ 7ಕ್ಕೆ ಅಂಟಿಕೊಂಡು, ಪರದೆಯ ಮೇಲೆ 7105 ಎಂದು ಬಂದಿದೆ. ಎರಡು ಅಂಕಿ ಹೋಗಿ ಒಂದಾಗಿದೆ. ಎಲ್ಲಿ ತಪ್ಪಿತು ಎಂದೇ ಇವಳಿಗೆ ಹೊಳೆದಿಲ್ಲ. ತನಗೆ ಇದು ಯಾವತ್ತೂ ಬರುವುದಿಲ್ಲ ಎಂದುಕೊಂಡು ಬಸ್ಸಿನಲ್ಲಿ ಅಳುತ್ತಾ ಬಂದಳಂತೆ. ಮನೆಗೆ ಬಂದು ಹಾಳೆ ನೋಡಿದ ಮೇಲೆ ಬಾಲದ ಮೂರು ಕಂಡಿದೆ.

ನಾನು ನೂರರ ಮೇಲಿನ ಅಂಕಿ ಹಾಕಿ ನೋಡಿರಲಿಲ್ಲ.

ಆಮೇಲೆ ಉಳಿದದ್ದನ್ನೂ ಹೇಳಿದಳು. ಬಿಸಿಎಯಲ್ಲಿ ಅವಳಿಗೆ ಉಳಿದದ್ದು ಒಂದೇ, ಈ ಸಿ ಭಾಷೆಯ ಪ್ರಾಕ್ಟಿಕಲ್. ಹಳೆಯ ವಿದ್ಯಾರ್ಥಿಗಳಿಗೆ ಯೂನಿವರ್ಸಿಟಿ ಕೊನೆಯ ಅವಕಾಶ ಕೊಟ್ಟಿದೆ. ಆಗಸ್ಟ್ ಇಪ್ಪತ್ತಕ್ಕೆ ಹೊನ್ನಾಳಿಯಲ್ಲಿ ಪರೀಕ್ಷೆ. ಇದೂ ತಪ್ಪಿದರೆ ಡಿಗ್ರಿ ಇಲ್ಲ. ಕಲಿಸುತ್ತಿರುವವಳು ಮಸರತ್ ಎಂದು, ಕಾಲೇಜಿನಲ್ಲಿ ಇವಳ ಜೊತೆ ಓದಿದವಳು. ಮ ಎಂದರೆ ಅವಳಂತೆ.

"ನಂಗ್ಯಾಕೆ ಹೇಳ್ಲಿಲ್ಲ?" ಎಂದೆ.

ಹಾಳೆಯನ್ನು ಮಡಿಚುತ್ತಾ ಹೇಳಿದಳು. "ಜಗಳೂರಾಗೆ ನಮ್ಮಣ್ಣನ ಮನೆ ಗೃಹಪ್ರವೇಶದ ದಿನ, ಯಾರೋ ನಾನು ಏನು ಓದಿದೀನಿ ಅಂತ ಕೇಳಿದ್ರು. ನೀವು ಎಲ್ರ ಮುಂದೆ, ಇವಳದ್ದು ಬಿಸಿಎ ಫೇಲು ಅಂತ ಡಿಗ್ರಿ ಐತೆ ಅಂದ್ರಿ. ಎಲ್ರೂ ನಕ್ಕರು. ನಾನೂ ನಕ್ಕೆ. ಈ ಸಲಾನೂ ಹೋದ್ರೆ ಇನ್ನೊಂದು ಸಲ ನಗಾಕೆ ನನ್ನ ಕೈಲಿ ಆಗಲ್ಲ."

ಅದು ತಮಾಷೆಗೆ ಅಂದದ್ದು. ಎಲ್ಲರೂ ಊಟ ಮುಗಿಸಿ ಎಲೆಅಡಿಕೆ ಹಾಕುತ್ತಾ ಕೂತಿದ್ದರು. ಅಷ್ಟು ಮಾತಿಗೆ ಇಷ್ಟೆಲ್ಲ ಮುಚ್ಚಿಡುವುದೇ?

ಅವಳು ಹೇಳಿದ್ದು ನಿಜವೋ ಸುಳ್ಳೋ ನೋಡಬೇಕು. ಮಸರತ್ ಎನ್ನುವವಳು ಇದ್ದರೆ ತಾನೇ.

ಜುಲೈ 27, ಭಾನುವಾರ

ಪಂಚಮಿಗೆ ತವರಿಗೆ ಎಂದು ಜಗಳೂರಿಗೆ ಹೋದಳು. ಬೀದಿಯವರಿಗೆಲ್ಲ ಹಾಗೇ ಹೇಳಿದಳು. ಬಾಗಿಲಲ್ಲಿ ನಿಂತು ನನಗೆ ಹೇಳಿದ್ದು ಬೇರೆ: ಪರೀಕ್ಷೆ ಮುಗಿಯುವವರೆಗೆ ಅಣ್ಣನ ಮನೆಯಲ್ಲಿ ಇರುತ್ತಾಳಂತೆ. ಇಲ್ಲಿ ಓದಲು ಆಗುವುದಿಲ್ಲವಂತೆ.

ಚೀಲ ದೊಡ್ಡದಿತ್ತು.

ಜುಲೈ 29, ಮಂಗಳವಾರ

ಪಂಚಮಿ. ಬಂಗಾರಮ್ಮ ತಂಬಿಟ್ಟು, ಉಂಡೆ ಕೊಟ್ಟುಹೋದಳು. ಅನ್ನಪೂರ್ಣ ನಿಮ್ಮಲ್ಲಿ ಹೊಲಿಗೆ ಕಲಿಯಲು ಬರುತ್ತಿದ್ದಳಾ ಎಂದು ಕೇಳಬೇಕು ಎನ್ನಿಸಿತು. ಕೇಳಲಿಲ್ಲ. ಕೇಳಿದರೆ ನಾಳೆ ಬೀದಿಗೆಲ್ಲ ಗೊತ್ತಾಗುತ್ತದೆ.

ಫೋನು ಮಾಡಿದೆ. ಎತ್ತಲಿಲ್ಲ.

ಆಗಸ್ಟ್ 4, ಸೋಮವಾರ

ನ್ಯಾಮತಿಗೆ ಹೋಗಿ ಮೆಡಿಕಲ್ ಶಾಪಿನ ಪಕ್ಕದ ಮೆಟ್ಟಿಲು ಹತ್ತಿದೆ. ಹೇಳದೆ ಕೇಳದೆ ಹೋದರೆ ನಿಜ ಗೊತ್ತಾಗುತ್ತದೆ.

ಒಳಗೆ ಹಳೆಯ ಕಂಪ್ಯೂಟರುಗಳು ಸಾಲಾಗಿದ್ದವು. ಬಿಳಿ ತೋಳಿನ ಕುರ್ತಾ ಹಾಕಿ, ತಲೆಯ ಮೇಲೆ ದುಪಟ್ಟಾ ಹೊದ್ದ ಹೆಂಗಸೊಬ್ಬಳು ಎದ್ದು ಬಂದಳು. ಅನ್ನಪೂರ್ಣಳ ವಯಸ್ಸೇ. ನನ್ನ ಹೆಸರು ಹೇಳಿದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, ಮೂರು ಬರೆದವರು ನೀವೇನಾ ಎಂದಳು. ಹೌದು ಎಂದೆ. ಕೂತ್ಕಳ್ರಿ ಅಣ್ಣಾ ಎಂದು ಕುರ್ಚಿ ಎಳೆದಳು.

ಹಾಲ್ ಟಿಕೆಟ್ ಬಂದಿದೆಯಾ, ಯಾವ ಕಾಲೇಜು, ಯಾವ ಹೊತ್ತಿಗೆ, ಎಲ್ಲ ಕೇಳಿದೆ. ಎಲ್ಲದಕ್ಕೂ ನೆಟ್ಟಗೆ ಉತ್ತರ ಕೊಟ್ಟಳು. ಅನ್ನಪೂರ್ಣ ಹೇಳಿದ್ದಕ್ಕೂ ಇವಳು ಹೇಳಿದ್ದಕ್ಕೂ ಎಲ್ಲಿಯೂ ಬಿರುಕಿಲ್ಲ. ಇಬ್ಬರೂ ಮೊದಲೇ ಮಾತಾಡಿಕೊಂಡಿರಬಹುದು ಎಂದೂ ಅನ್ನಿಸಿತು. ಕೊನೆಗೆ, ಓದಿದವಳಿಗೆ ಅಷ್ಟು ಸಣ್ಣ ಪ್ರೋಗ್ರಾಮು ಯಾಕೆ ಬರುವುದಿಲ್ಲ ಎಂದು ಕೇಳಿದೆ.

ಮಸರತ್ ಕೀಬೋರ್ಡಿನ ಧೂಳು ಒರೆಸುತ್ತಾ ಹೇಳಿದಳು.

"ಆಕಿಗೆ ಬರ್ತೈತೆ ಅಣ್ಣಾ. ಕಾಲೇಜಿನಾಗೆ ನಂಗೆ ಹೇಳಿಕೊಡ್ತಿದ್ದೋಳೇ ಆಕಿ. ಅವತ್ತು ಪ್ರಾಕ್ಟಿಕಲ್ಲಿಗೆ ಹೊರಗಿನಿಂದ ಬಂದಿದ್ದ ಸರ್ ಬಂದು ಆಕಿ ಹಿಂದೆ ನಿಂತ್ಕಂಡ್ರು. ಬೈಲಿಲ್ಲ, ಏನೂ ಅನ್ಲಿಲ್ಲ. ಬರೀ ನಿಂತಿದ್ರು. ಆಕಿ ಕೈ ಆಡ್ಲಿಲ್ಲ. ಟೈಮ್ ಮುಗಿಯೋವರ್ಗೂ ಪರದೆ ಖಾಲಿ ಇತ್ತು."

ಈಗಲೂ ಹಾಗೆಯೇ ಅಂತೆ. ಪಕ್ಕದಲ್ಲಿ ಕೂತರೆ ಸರಾಗವಾಗಿ ಬರೆಯುತ್ತಾಳೆ, ಹಿಂದೆ ಯಾರಾದರೂ ನಿಂತರೆ ಬೆರಳು ಮರಗಟ್ಟುತ್ತವೆ. ಅದನ್ನು ಬಿಡಿಸಲೆಂದೇ ಟೆಸ್ಟ್ ಕೊಡುತ್ತಿದ್ದಳಂತೆ.

ನಾನು ಎದ್ದೆ. ಮೆಟ್ಟಿಲಿಳಿಯುವಾಗ ಎದುರಿನ ಹೋಟೆಲಿನವನು ನನ್ನನ್ನು ಗುರುತು ಹಿಡಿದು ಚಹಾ ಬೇಕಾ ಎಂದು ಕೂಗಿದ. ಬೇಡ ಎಂದೆ.

ಆಗಸ್ಟ್ 8, ಶುಕ್ರವಾರ

ವರಮಹಾಲಕ್ಷ್ಮಿ ಹಬ್ಬ. ಬಸ್ಸಿನ ತುಂಬ ಹೂವು, ಬಾಳೆದಿಂಡು. ನಮ್ಮ ಮನೆಯಲ್ಲಿ ದೀಪ ಹಚ್ಚಿ ಊಟಕ್ಕೆ ಹೋಟೆಲಿಗೆ ಹೋದೆ.

ಅವಳು ಇನ್ನೂ ಫೋನು ಎತ್ತುತ್ತಿಲ್ಲ. ಅವಳ ಅಣ್ಣ ರಂಗನಾಥ್ ಎತ್ತಿ, ಓದ್ತಾ ಇದಾಳೆ ಭಾವ, ಆಮ್ಯಾಲೆ ಮಾಡಿಸ್ತೀನಿ ಎನ್ನುತ್ತಾನೆ. ಆಮೇಲೆ ಬರುವುದಿಲ್ಲ. ಅವನೇ ತಲೆ ಕೆಡಿಸುತ್ತಿರಬಹುದು. ತಂಗಿ ಡಿಗ್ರಿ ಮಾಡಿಕೊಂಡು ಅಲ್ಲೇ ಉಳಿಯಲಿ ಎಂದು ಅವನಿಗೂ ಆಸೆ ಇರಬಹುದು. ಜಗಳೂರಿನಲ್ಲಿ ಅವನದೇ ಜೆರಾಕ್ಸ್, ಆನ್‌ಲೈನ್ ಅರ್ಜಿ ಹಾಕುವ ಅಂಗಡಿ ಇದೆ. ಕೂರಿಸಿಕೊಳ್ಳಲು ಎಷ್ಟು ಹೊತ್ತು?

ಹೋಗಿ ನೋಡಿಬಿಡುವುದೇ ವಾಸಿ.

ಆಗಸ್ಟ್ 12, ಮಂಗಳವಾರ

ಮಗಳ ಹಾಸ್ಟೆಲಿಗೆ ಹೋಗಬೇಕೆಂದು ಓನರ್‌ಗೆ ಹೇಳಿ ರಜೆ ತೆಗೆದುಕೊಂಡೆ. ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿನಲ್ಲಿ ಇಳಿದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಆ ಕಡೆ ಮಳೆ ಇನ್ನೂ ಸರಿಯಾಗಿ ಬಿದ್ದಿಲ್ಲ.

ಅಂಗಡಿ ಬಸ್‌ಸ್ಟ್ಯಾಂಡಿನ ಹತ್ತಿರವೇ. ಬಾಗಿಲು ಅರ್ಧ ತೆರೆದಿತ್ತು. ರಂಗನಾಥ್ ಇರಲಿಲ್ಲ, ಊಟಕ್ಕೆ ಹೋಗಿದ್ದನೋ ಏನೋ. ಒಳಗೆ ಅವಳೊಬ್ಬಳೇ, ಬಾಗಿಲಿಗೆ ಬೆನ್ನು ಹಾಕಿ ಕಂಪ್ಯೂಟರ್ ಮುಂದೆ ಕೂತಿದ್ದಳು. ಫ್ಯಾನ್ ಜೋರಾಗಿ ತಿರುಗುತ್ತಿತ್ತು. ನಾನು ಬಂದದ್ದು ಕೇಳಿಸಲಿಲ್ಲ.

ನನಗೆ ಬೇಕಾಗಿದ್ದದ್ದೂ ಅದೇ. ಹೊಸ್ತಿಲ ಹತ್ತಿರ ನಿಂತು ನೋಡಿದೆ. ಕಪ್ಪು ಪರದೆ, ಬಿಳಿ ಅಂಕಿ. ಈ ಸಲ ನಾಲ್ಕು ಸಾಲಿನ ಮ್ಯಾಟ್ರಿಕ್ಸ್, ದಶಾಂಶವೂ ಇತ್ತು. ಒಂದು ಉದ್ದಸಾಲು ಸೊಟ್ಟಗಿತ್ತು. ಅವಳು ಬೆರಳಿನಲ್ಲಿ ಎಣಿಸಿದಳು, ಏನೋ ತಿದ್ದಿದಳು, ಓಡಿಸಿದಳು. ಇನ್ನೂ ಸೊಟ್ಟ. ಕೂದಲನ್ನು ಕಿವಿಯ ಹಿಂದೆ ಸರಿಸಿ ಮತ್ತೆ ಎಣಿಸಿದಳು. ಅವಳು ಕೆಲಸ ಮಾಡುವುದನ್ನು ನಾನು ಹೀಗೆ ನೋಡಿಯೇ ಇರಲಿಲ್ಲ. ರೊಟ್ಟಿ ತಟ್ಟುವಾಗಲೂ, ಬಟ್ಟೆ ಒಗೆಯುವಾಗಲೂ ಅವಳ ಪಾಡಿಗೆ ಅವಳು ಇರುತ್ತಾಳೆ. ಇದು ಹಾಗಲ್ಲ. ಮುಳ್ಳು ತೆಗೆಯುವವರ ಹಾಗೆ ಪರದೆಗೆ ಬಾಗಿದ್ದಳು.

ಎಲ್ಲಿ ತಪ್ಪಿದೆ ಎಂದು ನನಗೆ ತಿಳಿಯಲಿಲ್ಲ. ದಶಾಂಶ ನಾನು ಕಲಿತಿಲ್ಲ. ಇನ್ನೊಂದು ಹೆಜ್ಜೆ ಒಳಗಿಟ್ಟೆ. ನನ್ನ ನೆರಳು ಗೋಡೆಯ ಮೇಲೆ ಬಿದ್ದಿರಬೇಕು. ಅವಳು ತಿರುಗಲಿಲ್ಲ. ಆದರೆ ಕೈ ಕೀಗಳ ಮೇಲೆ ಹಾಗೇ ನಿಂತುಬಿಟ್ಟಿತು. ಹೆಗಲು ಕಿವಿಯ ತನಕ ಏರಿತು. ಯಾರೋ ಗಿರಾಕಿ ಎಂದುಕೊಂಡಳೋ ಏನೋ, "ಅಣ್ಣ ಇಲ್ಲ, ಊಟ ಮಾಡಿ ಬರ್ತಾನೆ" ಎಂದಳು.

ನಾನು ಹಿಂದಕ್ಕೆ ಸರಿದು ಹೊರಗೆ ಬಂದುಬಿಟ್ಟೆ.

ರಸ್ತೆಯ ಆಚೆ ಮಂಡಕ್ಕಿ ಮಿರ್ಚಿ ತಿನ್ನುತ್ತಾ ಕೂತೆ. ಸ್ವಲ್ಪ ಹೊತ್ತಿಗೆ ಕೀ ಕುಟ್ಟುವುದು ಶುರುವಾಗಿರಬೇಕು, ಅಲ್ಲಿಂದ ಕೇಳಿಸುವುದಿಲ್ಲ. ಮುಂದಿನ ಬಸ್ಸಿಗೆ ವಾಪಸು ಹೊರಟೆ. ಅಷ್ಟು ದೂರ ಹೋಗಿ ಒಂದು ಮಾತೂ ಕೇಳಿಕೊಂಡು ಬರಲಿಲ್ಲ. ದಿನ ದಂಡ, ರಜೆಯೂ ದಂಡ.

ಆಗಸ್ಟ್ 15, ಶುಕ್ರವಾರ

ದಶಾಂಶಕ್ಕೆ d ಅಲ್ಲ, f. ಚುಕ್ಕಿಗೆ ಮೊದಲು ಒಟ್ಟು ಜಾಗ, ಚುಕ್ಕಿ ಆದ ಮೇಲೆ ದಶಾಂಶಕ್ಕೆ ಎಷ್ಟು ಎಂಬುದು. %8.2f ಎಂದರೆ ಒಟ್ಟು ಎಂಟು ಮನೆ, ಅದರಲ್ಲಿ ಕೊನೆಯ ಎರಡು ಚುಕ್ಕಿಯ ಆಚೆ. ಚುಕ್ಕಿಯೂ ಒಂದು ಮನೆ ತಿನ್ನುತ್ತದೆ. ಅವಳು ಬೆರಳಿನಲ್ಲಿ ಎಣಿಸುವಾಗ ಚುಕ್ಕಿಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ ಅನ್ನಿಸುತ್ತದೆ.

ಫೋನು ಮಾಡಿ ಹೇಳಲೇ ಎಂದು ನಂಬರ್ ತೆಗೆದೆ. ಹೇಳಿದರೆ, ನಿಮಗೆ ಹೆಂಗೆ ಗೊತ್ತು ಎಂದು ಕೇಳುತ್ತಾಳೆ. ಜಗಳೂರಿಗೆ ಬಂದಿದ್ದೆ ಎನ್ನಬೇಕಾಗುತ್ತದೆ. ಅದಲ್ಲದೆ ನನ್ನ ಮೂರು ಮಾಡಿದ ಅನಾಹುತ ಸಾಕು. ಬಿಟ್ಟೆ. ಮಸರತ್ ಇದ್ದಾಳಲ್ಲ.

ಓಬಳೇಶ್ ಕೇಳಿದ, ಸಾರ್, ಇತ್ತೀಚೆಗೆ ಚೆಕಿಂಗ್ ಕಮ್ಮಿ ಮಾಡಿದೀರಿ ಅಂತ. ಯಾರು ಹೇಳಿದ್ದು ಎಂದೆ. ಯಾರೂ ಹೇಳಲಿಲ್ಲ, ಜನ ಆರಾಮ ಕೂತಿರ್ತಾರೆ ಎಂದ. ಈ ಓಬಳೇಶನ ಮೇಲೂ ಒಂದು ಕಣ್ಣಿಡಬೇಕು.

ಆಗಸ್ಟ್ 19, ಮಂಗಳವಾರ

ನಾಳೆ.

ಹೊನ್ನಾಳಿಯ ಮಧ್ಯಾಹ್ನದ ಟ್ರಿಪ್ಪನ್ನು ನಾನೇ ಕೇಳಿ ಹಾಕಿಸಿಕೊಂಡೆ. ಆ ಟ್ರಿಪ್ಪಿನಲ್ಲಿ ಜನ ಜಾಸ್ತಿ, ಚೆಕಿಂಗ್ ಆಗಬೇಕು. ಬೇರೆ ಕಾರಣ ಏನಿಲ್ಲ.

ಆಗಸ್ಟ್ 20, ಬುಧವಾರ

ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಬಸ್ಸು ನಿಂತಿತ್ತು. ಅದರ ಮುಂದೆ ಚನ್ನಗಿರಿಯ ಗೌರ್ಮೆಂಟ್ ಬಸ್ಸು, ಅರ್ಧ ಖಾಲಿ. ನಾನು ಕೆಳಗೆ ನಿಂತು ಬೀಡಾ ಹಾಕುತ್ತಿದ್ದೆ. ಅನ್ನಪೂರ್ಣ ಕಾಲೇಜಿನ ಕಡೆಯಿಂದ ನಡೆದು ಬಂದಳು. ಕೈಯಲ್ಲಿ ಅದೇ ದೊಡ್ಡ ಚೀಲ. ಜೊತೆಗೆ ಅಣ್ಣನಿಲ್ಲ. ಮುಖ ನೋಡಿ ಏನಾಯಿತು ಎಂದು ಹೇಳಲು ನನಗೆ ಆಗಲಿಲ್ಲ.

ಗೌರ್ಮೆಂಟ್ ಬಸ್ಸಿನಲ್ಲಿ ಹೆಂಗಸರು ದುಡ್ಡೇ ಕೊಡಬೇಕಿಲ್ಲ. ಅದನ್ನು ದಾಟಿಕೊಂಡು ಬಂದು ನಮ್ಮ ಬಸ್ಸು ಹತ್ತಿದಳು. ನನ್ನನ್ನು ಕಂಡಳೋ ಇಲ್ಲವೋ. ಯಾಕೆ ನಮ್ಮ ಬಸ್ಸು? ಬಟ್ಟೆಬರೆ ತೆಗೆದುಕೊಂಡು ಹೋಗಲು ಬರುತ್ತಿದ್ದಾಳೋ, ನನಗೆ ಏನಾದರೂ ಹೇಳಿಬಿಡಲು ಬರುತ್ತಿದ್ದಾಳೋ? ಬಸ್ಸು ಹೊರಟು ಊರು ದಾಟುವವರೆಗೆ ನಾನು ಡ್ರೈವರ್ ಪಕ್ಕದಲ್ಲೇ ನಿಂತಿದ್ದೆ.

ಆಮೇಲೆ ಮುಂದಿನ ಸೀಟಿನಿಂದ ಟಿಕೆಟ್ ನೋಡುತ್ತಾ ಬಂದೆ. ಒಬ್ಬೊಬ್ಬರದೂ ತೆಗೆದುಕೊಂಡು ನೋಡಿ ಕೊಟ್ಟೆ. ಅವಳ ಸೀಟಿಗೆ ಬಂದಾಗ ಅವಳೂ ಎಲ್ಲರ ಹಾಗೆ ಟಿಕೆಟ್ ಚಾಚಿದಳು. ಚನ್ನಗಿರಿ ಎಂದಿತ್ತು. ವಾಪಸು ಕೊಟ್ಟೆ. ಮುಂದಕ್ಕೆ ಹೋಗಬೇಕು, ಹೋಗಲಿಲ್ಲ.

"ಹೆಂಗಾಯ್ತು?" ಎಂದೆ.

"ಮ್ಯಾಟ್ರಿಕ್ಸೇ ಬಂತು" ಎಂದಳು. ಕಿಟಕಿಯ ಕಡೆ ನೋಡಿಕೊಂಡೇ ಹೇಳತೊಡಗಿದಳು. ಮೂರು ಸಾಲು, ಮೈನಸ್ ಇರುವ ಅಂಕಿಗಳೂ ಇದ್ದವಂತೆ. ಬರೆಯಲು ಶುರು ಮಾಡುತ್ತಿದ್ದ ಹಾಗೆ ಹೊರಗಿನಿಂದ ಬಂದ ಪರೀಕ್ಷಕರು ಬಂದು ಹಿಂದೆ ನಿಂತರಂತೆ. ಬೇರೆ ಯಾರೋ, ಹೊಸಬರು. ಕೈ ನಿಂತುಹೋಯಿತಂತೆ. ಆಗ ಅವಳು ತಿರುಗಿ, ಸರ್, ಪಕ್ಕಕ್ಕೆ ಬಂದು ಕೂತ್ಕಂಡು ನೋಡ್ರಿ, ಹಿಂದೆ ನಿಂತ್ರೆ ನಂಗೆ ಆಗಲ್ಲ ಎಂದಳಂತೆ. ಅವರು ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತರಂತೆ. ಮೊದಲು ಓಡಿಸಿದಾಗ ಮೈನಸ್ ಇದ್ದ ಕಡೆ ಅಂಕಿ ಅಂಟಿಕೊಂಡಿತು. ಎಣಿಸಿ ತಿದ್ದಿದಳು. ಎರಡನೆಯ ಸಲ ನೆಟ್ಟಗೆ ನಿಂತವು. ಪರೀಕ್ಷಕರು ಪರದೆ ನೋಡಿ ಸಹಿ ಹಾಕಿದರು.

ಸಹಿ ಹಾಕಿದರು ಎಂದರೆ ಪಾಸಾ ಎಂದು ಕೇಳಿದೆ. ಆದಂಗೇ ಎಂದಳು.

ಬಸ್ಸು ಗುಂಡಿಯಲ್ಲಿ ಇಳಿದು ಎದ್ದಿತು. ನಾನು ಮೇಲಿನ ಕಂಬಿ ಹಿಡಿದುಕೊಂಡೆ. ನನಗೆ ಒಂದು ವಿಷಯ ಬಿಡಿಸಬೇಕಾಗಿತ್ತು.

"ಎಷ್ಟು ಜಾಗ ಕೊಟ್ಟೆ?" ಎಂದೆ.

ಆಗ ಅವಳು ನನ್ನ ಕಡೆ ತಿರುಗಿದಳು. ಊರಿಂದ ಹೋದ ಮೇಲೆ ಮೊದಲ ಸಲ ನನ್ನ ಮುಖವನ್ನು ಸರಿಯಾಗಿ ನೋಡಿದಳು.

"ಕೇಳ್ತಿರಾದು ತಿಳ್ಕಳಾಕಾ, ಹಿಡಿಯಾಕಾ?"

ಹಿಂದಿನ ಸೀಟಿನ ಹೆಂಗಸು ಮಗುವಿಗೆ ಬಿಸ್ಕತ್ತು ಕೊಡುವುದನ್ನು ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದಳು. ಏನಾದರೂ ಹೇಳಿ ಮುಂದಕ್ಕೆ ಹೋಗಬಹುದಿತ್ತು. ಒಂದು ತಿರುವು ದಾಟಿತು, ಇನ್ನೊಂದೂ ದಾಟಿತು. ಜಗಳೂರಿನ ಅಂಗಡಿಯ ಬಾಗಿಲಲ್ಲಿ ನಿಂತಿದ್ದವನು ನಾನೇ ಎಂದು ಹೇಳಿದೆ.

"ತಿಳ್ಕಳಾಕೆ" ಎಂದೆ.

ಚೀಲವನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯ ಕಡೆ ಸರಿದಳು. ನಾನು ಪಕ್ಕದಲ್ಲಿ ಕೂತೆ. ಅವಳು ಬೆರಳು ಮಡಿಚುತ್ತಾ ಹೇಳಿದಳು. ಎಲ್ಲಕ್ಕಿಂತ ದೊಡ್ಡ ಅಂಕಿಗೆ ನಾಲ್ಕು ಮನೆ, ಅದಕ್ಕೆ ಮೈನಸ್ ಇದ್ದರೆ ಇನ್ನೊಂದು, ಪಕ್ಕದ್ದಕ್ಕೆ ಅಂಟದಿರಲು ಮತ್ತೊಂದು. ಒಟ್ಟು ಆರು. ಒಂದಕ್ಕೆ ಕೊಟ್ಟಷ್ಟನ್ನೇ ಎಲ್ಲಕ್ಕೂ ಕೊಡಬೇಕು. ಹಾಗಾದರೆ ನನ್ನ ಮೂರಕ್ಕೆ ಬದಲು ಎಷ್ಟು ಇರಬೇಕಿತ್ತು ಎಂದು ಕೇಳಿದೆ. ಅಂಕಿ ನೋಡದೆ ಯಾರೂ ಹೇಳಲು ಆಗುವುದಿಲ್ಲ, ಅದಕ್ಕೇ ಖಾಲಿ ಬಿಟ್ಟಿದ್ದೆ ಎಂದಳು. ಆಮೇಲೆ ನಾನು ದಶಾಂಶದ ಚುಕ್ಕಿ ಒಂದು ಮನೆ ತಿನ್ನುತ್ತದೆ ಎಂದೆ. ನಿಮಗೆ ಯಾರು ಹೇಳಿದರು ಎಂದಳು. ಫೋನು ತೆಗೆದು ಆ್ಯಪ್ ತೋರಿಸಿದೆ. ಅವಳು ಫೋನು ಕಿತ್ತುಕೊಂಡು ನಾನು ಬರೆದದ್ದನ್ನೆಲ್ಲ ಒಂದೊಂದಾಗಿ ನೋಡಿದಳು. ಎರಡು ತಪ್ಪು ಹಿಡಿದಳು.

ಓಬಳೇಶ್ ಬಂದು, ಸಾರ್, ಹಿಂದಿನ ಸೀಟು ಉಳಿದಾವೆ ಎಂದ. ಆಮೇಲೆ ನೋಡ್ತೀನಿ ಎಂದೆ.

ಸಾಸ್ವೆಹಳ್ಳಿ ಯಾವಾಗ ದಾಟಿತೋ ತಿಳಿಯಲಿಲ್ಲ. ಹಿಂದಿನ ಸೀಟುಗಳ ಟಿಕೆಟ್ ನೋಡುವುದು ಹಾಗೇ ಉಳಿಯಿತು. ಓನರ್ ಕೇಳಿದರೆ ಏನಾದರೂ ಹೇಳಬೇಕು.